ಆಟ, ಆಟಗಾರ ಮತ್ತು ಪರದೆಯಾಚೆಯ ಗೆಳೆತನ

ಇಬ್ಬರು ಆಡುತ್ತಿರುವಾಗ ಸುತ್ತ ನಿಂತು ನೋಡುವುದು ಮನುಷ್ಯನಿಗೆ ಹೊಸ ಹವ್ಯಾಸವೇನಲ್ಲ. ಊರಿನ ಅರಳಿಕಟ್ಟೆಯ ಮೇಲೆ ಚದುರಂಗ ಹೂಡಿದರೆ ಹತ್ತು ಜನ ಸೇರುತ್ತಿದ್ದರು. ಜಗಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದರೆ ಆಡುವವರು ನಾಲ್ವರು, ಕಾಯಿ ನಡೆಸುವ ಬಗೆಯನ್ನು ಹೇಳಿಕೊಡುವವರು ಎಂಟು ಮಂದಿ. 1990ರ ದಶಕದಲ್ಲಿ ಮುಂಬಯಿ, ಪುಣೆ, ಬೆಂಗಳೂರುಗಳ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ಒಬ್ಬ ಹುಡುಗ ಯಂತ್ರಕ್ಕೆ ನಾಣ್ಯ ಹಾಕಿ ಆಡುತ್ತಿದ್ದರೆ, ಜೇಬಿನಲ್ಲಿ ನಾಣ್ಯವಿಲ್ಲದ ನಾಲ್ಕಾರು ಹುಡುಗರು ಅವನ ಹೆಗಲ ಮೇಲಿಂದ ಇಣುಕಿ ನೋಡುತ್ತಿದ್ದರು. ಅವನು ಗೆದ್ದರೆ ಅವರೂ ಗೆದ್ದಂತೆ.

ಇಂದು ಒಂದೇ ಹೆಗಲ ಮೇಲಿಂದ ಲಕ್ಷ ಜನ ಇಣುಕುವ ಕಾಲ ಬಂದಿದೆ. ಗಣಕದಲ್ಲೋ ಮೊಬೈಲಿನಲ್ಲೋ ತಾನು ಆಡುತ್ತಿರುವ ಆಟವನ್ನು ಅಂತರಜಾಲದ ಮೂಲಕ ಆ ಕ್ಷಣದಲ್ಲೇ ಇತರರಿಗೆ ತೋರಿಸುತ್ತ, ಜೊತೆಜೊತೆಗೆ ಮಾತನಾಡುತ್ತ ಹೋಗುವುದಕ್ಕೆ ನೇರಪ್ರಸಾರ ಅಥವಾ ಲೈವ್‌ಸ್ಟ್ರೀಮಿಂಗ್ ಎಂದು ಹೆಸರು. ಹಾಗೆ ಪ್ರಸಾರ ಮಾಡುವವರು ಸ್ಟ್ರೀಮರುಗಳು. ಪರದೆಯ ಬಹುಭಾಗವನ್ನು ಆಟ ಆವರಿಸಿರುತ್ತದೆ. ಒಂದು ಮೂಲೆಯಲ್ಲಿ ಸ್ಟ್ರೀಮರನ ಮುಖ ಕಾಣುತ್ತದೆ. ಪಕ್ಕದಲ್ಲಿ ನೋಡುಗರು ಬರೆಯುವ ಮಾತುಗಳು ಸಾಲುಸಾಲಾಗಿ ಮೇಲಕ್ಕೇರುತ್ತಿರುತ್ತವೆ. ಈ ಮಾತಿನ ಸಾಲಿಗೆ ಚಾಟ್ ಎನ್ನುತ್ತಾರೆ. ಆಟ, ಮುಖ, ಮಾತು ಈ ಮೂರರಲ್ಲಿ ಜನ ನೋಡಲು ಬರುವುದು ಯಾವುದನ್ನು ಎಂಬ ಪ್ರಶ್ನೆಗೆ ಇಂದು ಒಂದೇ ಉತ್ತರವಿಲ್ಲ. ಈ ಬಗ್ಗೆ ಹೊರಗಿನವರಿಗಿಂತ ಹೆಚ್ಚಿನ ಗೊಂದಲಕ್ಕೆ ಒಳಗಾಗಿರುವವರು ಆಟವನ್ನು ನಿಜವಾಗಿ ಪ್ರೀತಿಸುವ ಆಟಗಾರರೇ ಎಂಬುದು ಗಮನಾರ್ಹ. ಈ ಸಂಸ್ಕೃತಿಯನ್ನು ಬೆಳೆಸಿದವರು ಅವರು. ಅದನ್ನು ಕಂಡು ಕಸಿವಿಸಿಗೊಳ್ಳುತ್ತಿರುವವರೂ ಅವರೇ.

ಹುಟ್ಟಿ ಬೆಳೆದ ಬಗೆ

2007ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಜಸ್ಟಿನ್ ಕಾನ್ ಎಂಬ ಯುವಕ ತನ್ನ ಟೋಪಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ತನ್ನ ದಿನಚರಿಯನ್ನು ಹಗಲಿರುಳು ಅಂತರಜಾಲದಲ್ಲಿ ಪ್ರಸಾರ ಮಾಡತೊಡಗಿದ. ಮೂವರು ಗೆಳೆಯರೊಡನೆ ಅವನು ಆರಂಭಿಸಿದ ಆ ತಾಣಕ್ಕೆ ಜಸ್ಟಿನ್ ಟಿವಿ ಎಂದು ಹೆಸರಾಯಿತು. ಬೇರೆಯವರಿಗೂ ವಾಹಿನಿ ತೆರೆಯಲು ಅವಕಾಶ ಕೊಟ್ಟಾಗ, ಆಟಗಳನ್ನು ತೋರಿಸುವ ವಾಹಿನಿಗಳು ಉಳಿದವನ್ನೆಲ್ಲ ಮೀರಿ ಬೆಳೆದವು. 2011ರ ಜೂನ್ ತಿಂಗಳಿನಲ್ಲಿ ಅವನ್ನು ಪ್ರತ್ಯೇಕಿಸಿ ಟ್ವಿಚ್ ಎಂಬ ತಾಣವನ್ನು ಸ್ಥಾಪಿಸಲಾಯಿತು. 2014ರ ಆಗಸ್ಟಿನಲ್ಲಿ ಅಮೆಜಾನ್ ಸಂಸ್ಥೆಯು ಸುಮಾರು 97 ಕೋಟಿ ಡಾಲರುಗಳಿಗೆ ಅದನ್ನು ಕೊಂಡಿತು. ಮೂಲ ತಾಣವಾದ ಜಸ್ಟಿನ್ ಟಿವಿ ಅದೇ ತಿಂಗಳು ಮುಚ್ಚಿತು. ಒಬ್ಬನ ಬದುಕನ್ನು ನೋಡಲು ಜನ ಬೇಸರಪಟ್ಟು, ಆಟವನ್ನು ನೋಡಲು ಬಂದರು ಎಂದು ಆಗ ತೋರಿತು. ಆದರೆ 2018ರಲ್ಲಿ ಟ್ವಿಚ್ ತಾಣವು ಬರಿಯ ಹರಟೆಗೆಂದೇ ಒಂದು ವಿಭಾಗವನ್ನು ತೆರೆಯಿತು. ಆಟವೇ ಇಲ್ಲದ ಆ ವಿಭಾಗ ಕೆಲವೇ ವರ್ಷಗಳಲ್ಲಿ ಅತ್ಯಧಿಕ ವೀಕ್ಷಕರನ್ನು ಸೆಳೆಯುವ ವಿಭಾಗಗಳಲ್ಲೊಂದಾಯಿತು. ಟೋಪಿಯ ಕ್ಯಾಮೆರಾ ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಬಂದಿತು ಎನ್ನಬಹುದು.

ದಕ್ಷಿಣ ಕೊರಿಯಾದಲ್ಲಿ ಇದು ಇನ್ನೂ ಮೊದಲೇ ಬೇರುಬಿಟ್ಟಿತ್ತು. ಅಲ್ಲಿ 2006ರಲ್ಲಿ ಆರಂಭವಾದ ಆಫ್ರಿಕಾ ಟಿವಿ ಎಂಬ ತಾಣದಲ್ಲಿ ನೋಡುಗರು ತಮಗೆ ಮೆಚ್ಚಿಗೆಯಾದ ಪ್ರಸಾರಕರಿಗೆ 'ನಕ್ಷತ್ರ ಬಲೂನು'ಗಳನ್ನು ಕೊಂಡು ಕಾಣಿಕೆ ಕೊಡುವ ಪದ್ಧತಿ ಬಂದಿತು. ಬಲೂನು ಕೇವಲ ಚಿತ್ರ. ಅದರ ಬೆಲೆ ಮಾತ್ರ ನಿಜವಾದ ಹಣ. ಮುಂದೆ ಜಗತ್ತಿನಾದ್ಯಂತ ಹರಡಿದ ಕಾಣಿಕೆಯ ಪದ್ಧತಿಗಳಿಗೆ ಇದು ಹಿರಿಯಣ್ಣ.

ಒಂದು ಬದಿಯ ಆತ್ಮೀಯತೆ

ಈ ವಿದ್ಯಮಾನವನ್ನು ಅರಿಯಲು ಎಪ್ಪತ್ತು ವರ್ಷಗಳಷ್ಟು ಹಿಂದಿನ ಒಂದು ಲೇಖನ ನೆರವಾಗುತ್ತದೆ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ರೇಡಿಯೋ ಮತ್ತು ದೂರದರ್ಶನದ ಕೇಳುಗ-ನೋಡುಗರನ್ನು ಕುರಿತು ಬರೆಯುತ್ತ 'ಪ್ಯಾರಾಸೋಷಿಯಲ್' ಎಂಬ ಪದವನ್ನು ಬಳಕೆಗೆ ತಂದರು. ಪ್ರಸಾರದಲ್ಲಿ ಮಾತನಾಡುವ ವ್ಯಕ್ತಿಯು ತನ್ನ ಗೆಳೆಯನೆಂದೇ ಕೇಳುಗನಿಗೆ ಅನ್ನಿಸುತ್ತದೆ. ಅವನ ಇಷ್ಟಾನಿಷ್ಟಗಳು, ನಗು, ಸಿಡುಕು ಎಲ್ಲವೂ ಪರಿಚಿತ. ಆದರೆ ಆ ವ್ಯಕ್ತಿಗೆ ಈ ಕೇಳುಗನು ಇದ್ದಾನೆಂಬುದೇ ತಿಳಿಯದು. ಬಾಂಧವ್ಯಕ್ಕೆ ಬೇಕಾದ ಎರಡು ತುದಿಗಳಲ್ಲಿ ಒಂದು ಮಾತ್ರ ಇರುವ ಸ್ಥಿತಿ ಇದು. ಆ ವಿದ್ವಾಂಸರು ಕೊಟ್ಟ ಉದಾಹರಣೆಗಳಲ್ಲಿ ಒಂಟಿ ಹೆಣ್ಣಿನ ಪಾತ್ರದ ಒಂದು ರೇಡಿಯೋ ಕಾರ್ಯಕ್ರಮವಿತ್ತು. ಒಬ್ಬ ಮಹಿಳೆ ಮೆಲುದನಿಯಲ್ಲಿ, ಕೇಳುವವನೊಬ್ಬನಿಗೇ ಹೇಳುವಂತೆ ಮಾತನಾಡುತ್ತಿದ್ದಳು. ಅವಳಿಗೆ ಸಾವಿರಾರು ಪತ್ರಗಳು ಬಂದವು. ಅವುಗಳಲ್ಲಿ ಮದುವೆಯ ಪ್ರಸ್ತಾಪಗಳೂ ಇದ್ದವು.

ಭಾರತದ ಕೇಳುಗರಿಗೆ ಇದು ಅಪರಿಚಿತವಲ್ಲ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಆರಂಭವಾದ ಬಿನಾಕಾ ಗೀತಮಾಲಾ ಕಾರ್ಯಕ್ರಮದ ಅಮೀನ್ ಸಯಾನಿ ಅವರ ದನಿಯನ್ನು ತಮ್ಮ ಮನೆಯವರ ದನಿಯಂತೆ ಗುರುತಿಸುತ್ತಿದ್ದ ಕುಟುಂಬಗಳು ದೇಶದ ಉದ್ದಗಲಕ್ಕೂ ಇದ್ದವು. ಕನ್ನಡಿಗರಿಗಂತೂ ಡಾ. ರಾಜಕುಮಾರ್ ಅವರ ಉದಾಹರಣೆಯೇ ಸಾಕು. ಒಮ್ಮೆಯೂ ಮುಖಾಮುಖಿ ಕಾಣದ ಲಕ್ಷಾಂತರ ಜನ ಅವರನ್ನು ಅಣ್ಣಾವ್ರೆಂದು ಕರೆದರು. ಅವರು ಆ ಜನರನ್ನು ಅಭಿಮಾನಿ ದೇವರುಗಳೆಂದರು. 2000ದಲ್ಲಿ ಅವರ ಅಪಹರಣವಾಗಿ 108 ದಿನಗಳು ಕಳೆದಾಗ ಅದೆಷ್ಟೋ ಮನೆಗಳು ಸ್ವಂತ ಹಿರಿಯನೊಬ್ಬನು ಕಾಣೆಯಾದಂತೆ ಪರಿತಪಿಸಿದವು. ಒಂದು ಬದಿಯ ಪ್ರೀತಿಯೆಂದ ಮಾತ್ರಕ್ಕೆ ಅದು ಸುಳ್ಳು ಪ್ರೀತಿಯಲ್ಲ, ಕೀಳೂ ಅಲ್ಲ ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ನೇರಪ್ರಸಾರದಲ್ಲಿ ಹೊಸತೇನು? ಬೆಳ್ಳಿತೆರೆ ಮರುಮಾತನಾಡುತ್ತಿರಲಿಲ್ಲ. ರೇಡಿಯೋಗೆ ಬರೆದ ಪತ್ರಕ್ಕೆ ಉತ್ತರ ಬರುವುದು ಅಪರೂಪ, ಬಂದರೂ ವಾರಗಳ ಮೇಲೆ. ತನಗೂ ನಟನಿಗೂ ನಡುವಿನ ದೂರ ಅಭಿಮಾನಿಗೆ ಚೆನ್ನಾಗಿ ತಿಳಿದಿತ್ತು. ನೇರಪ್ರಸಾರದಲ್ಲಿ ಪರದೆ ಉತ್ತರ ಕೊಡುತ್ತದೆ. ನೋಡುಗನು ಚಾಟಿನಲ್ಲಿ ಒಂದು ಸಾಲು ಬರೆದರೆ ಸ್ಟ್ರೀಮರ್ ಆಟದ ನಡುವೆ ತಲೆಯೆತ್ತಿ ಅವನ ಹೆಸರನ್ನೇ ಹಿಡಿದು ಮಾತನಾಡಿಸಬಹುದು. ಎಂದೋ ಒಮ್ಮೆ ಹೀಗಾಗುತ್ತದೆ. ಆ ಒಮ್ಮೆಗಾಗಿ ನೂರು ಸಂಜೆ ಕಾಯುವವರಿದ್ದಾರೆ. ಪೂರ್ತಿ ಏಕಮುಖವೂ ಅಲ್ಲದ, ಪೂರ್ತಿ ಪರಸ್ಪರವೂ ಅಲ್ಲದ ಈ ನಡುಸ್ಥಿತಿಯಲ್ಲೇ ಅದರ ಸುಖ ಮತ್ತು ಸಂಕಟ ಎರಡೂ ಅಡಗಿವೆ. 2025ರಲ್ಲಿ ಕೇಂಬ್ರಿಜ್ ನಿಘಂಟು 'ಪ್ಯಾರಾಸೋಷಿಯಲ್' ಎಂಬುದನ್ನೇ ವರ್ಷದ ಪದವಾಗಿ ಆರಿಸಿತು. ವಿದ್ವಾಂಸರ ಪಾರಿಭಾಷಿಕ ಪದವೊಂದು ಜನರ ಬಾಯಿಗೆ ಬಂದುದಕ್ಕೆ ಇದು ಸಾಕ್ಷಿ.

ಇನ್ನೊಂದು ಸಂಗತಿಯೂ ಉಂಟು. ಉತ್ತರಕ್ಕೆ ಬೆಲೆಯನ್ನು ಗೊತ್ತುಮಾಡಲಾಗಿದೆ. ಯೂಟ್ಯೂಬ್ 2017ರಲ್ಲಿ ಸೂಪರ್ ಚಾಟ್ ಎಂಬ ವ್ಯವಸ್ಥೆಯನ್ನು ತಂದಿತು. ಹಣ ಕೊಟ್ಟವರ ಮಾತು ಬಣ್ಣದ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಹೆಚ್ಚು ಕೊಟ್ಟರೆ ಹೆಚ್ಚು ಹೊತ್ತು, ಗರಿಷ್ಠ ಐದು ಗಂಟೆಗಳವರೆಗೆ ಅದು ಮೇಲೆಯೇ ನಿಲ್ಲುತ್ತದೆ. ಟ್ವಿಚ್ ತಾಣದಲ್ಲಿ ತಿಂಗಳ ಚಂದಾ ಕೊಟ್ಟವರಿಗೆ ಹೆಸರಿನ ಪಕ್ಕದಲ್ಲಿ ಒಂದು ಲಾಂಛನ ಸಿಗುತ್ತದೆ. ತಿಂಗಳುಗಳು ಕಳೆದಂತೆ ಲಾಂಛನವೂ ಬದಲಾಗುತ್ತದೆ. ದೇವಸ್ಥಾನದ ಗೋಡೆಯ ಮೇಲಿನ ದಾನಿಗಳ ಹೆಸರಿನ ಕಲ್ಲಿಗೂ ಇದಕ್ಕೂ ಸ್ವಲ್ಪ ಹೋಲಿಕೆಯುಂಟು. ಆದರೆ ಆ ಕಲ್ಲು ಪ್ರತಿ ತಿಂಗಳೂ ಹಣ ಕೇಳುವುದಿಲ್ಲ.

ಆಟಗಾರರು ಕಂಡ ಒಳಿತು

ನೇರಪ್ರಸಾರವನ್ನು ದೂರುವ ಆಟಗಾರರೂ ಅದರಿಂದಾದ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ಹಳೆಯ ಆಟಗಳನ್ನು ಅತ್ಯಂತ ಕಡಿಮೆ ಅವಧಿಯಲ್ಲಿ ಮುಗಿಸುವ ಕೌಶಲದವರು 2010ರ ಜನವರಿಯಲ್ಲಿ ಅಮೆರಿಕದಲ್ಲಿ ಒಟ್ಟಿಗೆ ಸೇರಿ, ಸರದಿಯ ಮೇಲೆ ಆಡುತ್ತ, ಅದನ್ನು ಪ್ರಸಾರ ಮಾಡಿ 10 ಸಾವಿರ ಡಾಲರುಗಳಿಗೂ ಮಿಕ್ಕಿ ಸಹಾಯನಿಧಿ ಸಂಗ್ರಹಿಸಿದರು. 'ಗೇಮ್ಸ್ ಡನ್ ಕ್ವಿಕ್' ಎಂಬ ಆ ಉತ್ಸವ ಇಂದು ವರ್ಷಕ್ಕೆರಡು ಬಾರಿ ನಡೆಯುತ್ತದೆ. ಈವರೆಗೆ ಕ್ಯಾನ್ಸರ್ ತಡೆಗಟ್ಟುವ ಸಂಸ್ಥೆಗೆ, ಗಡಿಗಳಿಲ್ಲದ ವೈದ್ಯರ ಸಂಸ್ಥೆಗೆ ಅದು ಕೋಟ್ಯಂತರ ಡಾಲರುಗಳನ್ನು ಒದಗಿಸಿದೆ. ಮೂವತ್ತು ವರ್ಷ ಹಳೆಯ ಆಟವೊಂದರ ಗೋಡೆಯೊಳಗೆ ನುಸುಳುವ ಉಪಾಯವನ್ನು ಒಬ್ಬ ವಿವರಿಸುತ್ತಿದ್ದರೆ ಸಭಾಂಗಣವೆಲ್ಲ ಕೇಕೆ ಹಾಕುತ್ತದೆ. ಪಾರ್ಲರಿನ ಹೆಗಲ ಮೇಲಿನ ಇಣುಕುನೋಟದ ಸುಖ ಇಲ್ಲಿ ಶುದ್ಧ ರೂಪದಲ್ಲಿ ಉಳಿದಿದೆ.

ಬಂಡವಾಳವಿಲ್ಲದ ಸಣ್ಣ ತಯಾರಕರಿಗೂ ನೇರಪ್ರಸಾರ ಕೈಹಿಡಿದಿದೆ. 'ಅಮಾಂಗ್ ಅಸ್' ಎಂಬ ಆಟ 2018ರಲ್ಲಿ ಹೊರಬಂದಾಗ ಅದನ್ನು ಕೇಳುವವರಿರಲಿಲ್ಲ. ಬೆರಳೆಣಿಕೆಯ ಜನ ಸೇರಿ ಮಾಡಿದ್ದ ಆ ಆಟವನ್ನು 2020ರ ಬೇಸಿಗೆಯಲ್ಲಿ ಸ್ಟ್ರೀಮರುಗಳು ಆಡತೊಡಗಿದ ಮೇಲೆ ಅದು ಜಗತ್ಪ್ರಸಿದ್ಧವಾಯಿತು. ಅದೇ ವರ್ಷ, ಕೊರೊನಾ ದಿಗ್ಬಂಧನದ ಕಾಲದಲ್ಲಿ, ಹಾಸ್ಯಗಾರ ಸಮಯ್ ರೈನಾ ಅವರು ವಿದಿತ್ ಗುಜರಾತಿಯಂಥ ಗ್ರ್ಯಾಂಡ್‌ಮಾಸ್ಟರುಗಳೊಡನೆ ನಡೆಸಿದ ಚದುರಂಗದ ಪ್ರಸಾರಗಳು ಆ ಆಟದ ಗಂಧವಿಲ್ಲದ ಯುವಕರನ್ನೂ ಸೆಳೆದವು. 2021ರ ಜೂನ್ 13ರಂದು ವಿಶ್ವನಾಥನ್ ಆನಂದ್ ಅವರು ಹಲವು ಗಣ್ಯರೊಡನೆ ನೇರಪ್ರಸಾರದಲ್ಲಿ ಆಡಿ, ಬೆಂಗಳೂರಿನಲ್ಲಿ ಕೇಂದ್ರವಿರುವ ಅಕ್ಷಯ ಪಾತ್ರ ಪ್ರತಿಷ್ಠಾನಕ್ಕೆ ನೆರವು ಸಂಗ್ರಹಿಸಿದರು. ಕನ್ನಡದ ನಟ ಸುದೀಪ್ ಅವರೂ ಅಂದು ಆನಂದರ ಎದುರು ಕಾಯಿ ನಡೆಸಿದರು.

ಕಸಿವಿಸಿಯ ಮೂಲ

ಇಷ್ಟಾದರೂ ಆಟಗಾರರ ದೂರುಗಳು ಕಡಿಮೆಯಿಲ್ಲ. ತಾವಾಗಿ ಕಂಡುಹಿಡಿಯಬೇಕಾದ ತಂತ್ರವನ್ನು ಮೊದಲ ದಿನವೇ ಪ್ರಸಿದ್ಧ ಸ್ಟ್ರೀಮರ್ ತೋರಿಸಿಬಿಡುತ್ತಾನೆ. ಮರುದಿನದಿಂದ ಎಲ್ಲರೂ ಅದನ್ನೇ ಆಡುತ್ತಾರೆ. ಸ್ಟ್ರೀಮರನ ಪ್ರಸಾರವನ್ನೇ ನೋಡಿ ಅವನು ಅಡಗಿರುವ ಜಾಗವನ್ನು ತಿಳಿದು ದಾಳಿಮಾಡುವವರಿದ್ದಾರೆ. ಕೆಲವೊಮ್ಮೆ ತಯಾರಕರೇ ಆಡುವವರಿಗಿಂತ ನೋಡುವವರಿಗೆ ಮಣೆ ಹಾಕುತ್ತಾರೆ. 2020ರ ಏಪ್ರಿಲಿನಲ್ಲಿ 'ವ್ಯಾಲೊರಂಟ್' ಎಂಬ ಆಟದ ಪ್ರಾಯೋಗಿಕ ಆವೃತ್ತಿಗೆ ಪ್ರವೇಶ ಬೇಕಾದರೆ ಟ್ವಿಚ್ ತಾಣದಲ್ಲಿ ಆ ಆಟದ ಪ್ರಸಾರಗಳನ್ನು ಗಂಟೆಗಟ್ಟಲೆ ನೋಡಿ ಅದೃಷ್ಟವನ್ನು ಪರೀಕ್ಷಿಸಬೇಕಾಗಿತ್ತು. ಏಕಕಾಲಕ್ಕೆ 17 ಲಕ್ಷಕ್ಕೂ ಹೆಚ್ಚು ವೀಕ್ಷಣೆಗಳು ದಾಖಲಾದವು. ಅನೇಕರು ಪರದೆಯನ್ನು ತೆರೆದಿಟ್ಟು ನಿದ್ದೆ ಹೋಗಿದ್ದರು.

ಇವೆಲ್ಲ ಸಣ್ಣ ಕಿರಿಕಿರಿಗಳು. ಆಳದ ಕಸಿವಿಸಿ ಬೇರೆಯೇ ಇದೆ. ಅದನ್ನು ಸ್ಪಷ್ಟಪಡಿಸಲು ನಾರ್ವೆ ದೇಶದ ಮ್ಯಾಟ್ಸ್ ಸ್ಟೀನ್ ಎಂಬ ಯುವಕನ ಕಥೆ ಉಪಯುಕ್ತ. ಹುಟ್ಟಿನಿಂದಲೇ ಸ್ನಾಯುಗಳು ಕ್ರಮೇಣ ಕ್ಷಯಿಸುವ ಕಾಯಿಲೆಗೆ ತುತ್ತಾಗಿದ್ದ ಅವನು ಬಹುಕಾಲ ಗಾಲಿಕುರ್ಚಿಯಲ್ಲೇ ಕುಳಿತು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟವನ್ನು ಆಡುತ್ತಿದ್ದ. 2014ರ ನವೆಂಬರಿನಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗನು ಗೆಳೆಯರಿಲ್ಲದೆ ಒಂಟಿಯಾಗಿ ಬದುಕಿ ಹೋದನೆಂದು ತಂದೆತಾಯಿ ಕೊರಗಿದರು. ಅವನು ಬರೆಯುತ್ತಿದ್ದ ಅಂತರಜಾಲ ಪುಟದಲ್ಲಿ ಸಾವಿನ ಸುದ್ದಿಯನ್ನು ಪ್ರಕಟಿಸಿದಾಗ ನಾನಾ ದೇಶಗಳಿಂದ ಸಂದೇಶಗಳು ಹರಿದುಬಂದವು. ಆಟದೊಳಗೆ ಐಬಲಿನ್ ಎಂಬ ಹೆಸರಿನ ಅವನು ಹಲವರ ಕಷ್ಟಸುಖಗಳಿಗೆ ಕಿವಿಯಾಗಿದ್ದ. ಆಟದ ಸಂಗಾತಿಗಳಲ್ಲಿ ಕೆಲವರು ಬೇರೆ ದೇಶಗಳಿಂದ ಬಂದು ಅಂತ್ಯಸಂಸ್ಕಾರದಲ್ಲಿ ಪಾಲ್ಗೊಂಡರು. 2024ರಲ್ಲಿ ಅವನನ್ನು ಕುರಿತ ಸಾಕ್ಷ್ಯಚಿತ್ರವು ಜಗತ್ತಿನಾದ್ಯಂತ ಪ್ರದರ್ಶಿತವಾಯಿತು.

ಐಬಲಿನ್ ಆಟಕ್ಕೆ ಬಾರದ ಸಂಜೆ ಅದನ್ನು ಗಮನಿಸುವವರಿದ್ದರು. ಇಪ್ಪತ್ತು ಸಾವಿರ ಜನ ನೋಡುತ್ತಿರುವ ಪ್ರಸಾರಕ್ಕೆ ಒಬ್ಬ ನೋಡುಗನು ಬಾರದಿದ್ದರೆ ಅದು ಯಾರಿಗೆ ತಿಳಿದೀತು? ಸಂಜೆ ಮನೆಗೆ ಬಂದು ನಾಲ್ವರು ಗೆಳೆಯರೊಡನೆ ಆಡುತ್ತಿದ್ದವನು, ಆ ಗೆಳೆಯರು ಕೆಲಸ, ಸಂಸಾರಗಳಲ್ಲಿ ಚದುರಿಹೋದ ಮೇಲೆ, ಆಡುವ ಬದಲು ಆಡುವವರನ್ನು ನೋಡತೊಡಗುತ್ತಾನೆ. ಅಲ್ಲಿ ನಗು ಇದೆ, ಮಾತಿದೆ, ಕೊಂಚ ಗೆಳೆತನದ ಶಾಖವೂ ಇದೆ. ಇಷ್ಟು ಸಿಕ್ಕಿದ್ದರಿಂದಲೇ ನಿಜವಾದ ಗೆಳೆಯನಿಗೆ ಫೋನು ಮಾಡುವುದು ನಾಳೆಗೆ ಮುಂದೂಡಲ್ಪಡುತ್ತದೆ. ಆಟಗಾರರು ತಮ್ಮೊಳಗೆ ಒಪ್ಪಿಕೊಳ್ಳುವ ಕಸಿವಿಸಿ ಇದು. ಆದರೂ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವನಿಗೆ, ಪರವೂರಿನ ಬಾಡಿಗೆ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಆ ಶಾಖವೂ ಬೇಡವೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

ಪರದೆಯ ಆ ಬದಿ

ಸ್ಟ್ರೀಮರನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವನು ಬಾರದಿದ್ದರೆ ಸಾವಿರಾರು ಜನಕ್ಕೆ ತಿಳಿಯುತ್ತದೆ. 'ನಿಂಜಾ' ಎಂಬ ಹೆಸರಿನಿಂದ ಪ್ರಸಿದ್ಧನಾದ ಟೈಲರ್ ಬ್ಲೆವಿನ್ಸ್ 2018ರ ಜೂನಿನಲ್ಲಿ ಎರಡು ದಿನಕ್ಕೂ ಕಡಿಮೆ ಕಾಲ ಪ್ರಸಾರ ನಿಲ್ಲಿಸಿದಾಗ 40 ಸಾವಿರ ಚಂದಾದಾರರನ್ನು ಕಳೆದುಕೊಂಡೆನೆಂದು ತಾನೇ ಹೇಳಿಕೊಂಡ. 2021ರ ಮಾರ್ಚಿನಲ್ಲಿ ಲಡ್ವಿಗ್ ಆಗ್ರೆನ್ ಎಂಬ ಸ್ಟ್ರೀಮರ್, ಹೊಸ ಚಂದಾದಾರರು ಬಂದಂತೆಲ್ಲ ಪ್ರಸಾರದ ಅವಧಿ ಬೆಳೆಯುವ ಪಂಥವನ್ನು ಹೂಡಿ 31 ದಿನ ಎಡೆಬಿಡದೆ ಪ್ರಸಾರದಲ್ಲಿದ್ದ. ಅವನು ಮಲಗಿ ನಿದ್ರಿಸುವುದನ್ನೂ ಸಾವಿರಾರು ಜನ ನೋಡುತ್ತ ಕುಳಿತರು; ಚಂದಾದಾರರ ಸಂಖ್ಯೆಯಲ್ಲಿ ನಿಂಜಾನ ದಾಖಲೆ ಮುರಿಯಿತು. ನಿದ್ದೆಯೂ ದುಡಿಮೆಯಾದ ಈ ಸಂದರ್ಭವನ್ನು ಮೆಚ್ಚಿದವರಷ್ಟೇ ಮಂದಿ ಕಂಡು ಬೆಚ್ಚಿದರು.

ಇಂಥ ಯಶಸ್ಸು ಕೆಲವೇ ಜನರ ಪಾಲಿನದು. 2021ರ ಅಕ್ಟೋಬರಿನಲ್ಲಿ ಟ್ವಿಚ್ ತಾಣದ ಗೋಪ್ಯ ಮಾಹಿತಿ ಸೋರಿಕೆಯಾದಾಗ, ಎರಡು ವರ್ಷಗಳಿಗೆ ಸ್ವಲ್ಪ ಮೇಲ್ಪಟ್ಟ ಅವಧಿಯಲ್ಲಿ ಆ ತಾಣದಿಂದ 10 ಲಕ್ಷ ಡಾಲರುಗಳಿಗಿಂತ ಹೆಚ್ಚು ಪಡೆದ ವಾಹಿನಿಗಳು ಸುಮಾರು 80 ಮಾತ್ರವೆಂದು ಬಯಲಾಯಿತು. ಪ್ರಸಾರ ಮಾಡುವವರೋ ಲಕ್ಷಗಟ್ಟಲೆ. ಅವರಲ್ಲಿ ಬಹುತೇಕರು ಇಬ್ಬರೋ ಮೂವರೋ ನೋಡುಗರ ಮುಂದೆ, ಒಮ್ಮೊಮ್ಮೆ ಯಾರೂ ಇಲ್ಲದ ಕೋಣೆಯಲ್ಲಿ, ಯಾರೋ ಇದ್ದಾರೆಂಬಂತೆ ಗಂಟೆಗಟ್ಟಲೆ ಮಾತನಾಡುತ್ತಾರೆ. ಮಾತು ನಿಲ್ಲಿಸಿದರೆ ಬಂದವರೂ ಹೊರಟುಹೋಗುವರೆಂಬ ಅಳುಕು.

ಅಭಿಮಾನವು ಹಕ್ಕಿನ ರೂಪ ತಾಳಿದಾಗ ಭಯ ಆರಂಭವಾಗುತ್ತದೆ. ಮಹಿಳಾ ಸ್ಟ್ರೀಮರುಗಳಿಗೆ ಇದರ ಅನುಭವ ಹೆಚ್ಚು. ಹಣ ಕೊಟ್ಟವನು ತನಗೆ ಗಮನ ಸಲ್ಲಬೇಕೆಂದು ಪೀಡಿಸುವುದು, ಮನೆಯ ವಿಳಾಸ ಹುಡುಕುವುದು, ಸಾರ್ವಜನಿಕ ಸ್ಥಳದಲ್ಲಿ ಹಿಂಬಾಲಿಸುವುದು ಹಲವು ದೇಶಗಳಲ್ಲಿ ವರದಿಯಾಗಿವೆ. 'ಪೋಕಿಮೇನ್' ಹೆಸರಿನ ಇಮಾನ್ ಅನೀಸ್ ಎಂಬಾಕೆ 2020ರ ನವೆಂಬರಿನಲ್ಲಿ, ಒಬ್ಬರು ಒಮ್ಮೆಗೆ 5 ಡಾಲರುಗಳಿಗಿಂತ ಹೆಚ್ಚಿನ ಕಾಣಿಕೆ ಕೊಡದಂತೆ ತನ್ನ ವಾಹಿನಿಯಲ್ಲಿ ಮಿತಿ ಹಾಕಿಕೊಂಡಳು. ಇದು ಗೌರವಕ್ಕೆ ಅರ್ಹವಾದ ನಡೆಯೆನ್ನದೆ ವಿಧಿಯಿಲ್ಲ. ನಂಬಿಕೆಯನ್ನು ದುರುಪಯೋಗಪಡಿಸಿಕೊಂಡ ನಿದರ್ಶನಗಳೂ ಉಂಟು. 2022ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಒಬ್ಬ ಸ್ಟ್ರೀಮರ್, ತನ್ನ ನೋಡುಗರಿಂದಲೂ ಸಹೋದ್ಯೋಗಿಗಳಿಂದಲೂ ಸುಳ್ಳು ಹೇಳಿ ಸಾಲ ಪಡೆದು ಜೂಜಿನಲ್ಲಿ ಕಳೆದುದನ್ನು ಒಪ್ಪಿಕೊಂಡ. ಮರುತಿಂಗಳು ಟ್ವಿಚ್ ತಾಣವು ಕೆಲವು ಜೂಜಿನ ತಾಣಗಳ ಪ್ರಸಾರವನ್ನು ನಿಷೇಧಿಸಿತು. 2023ರ ಆಗಸ್ಟ್ 4ರಂದು ನ್ಯೂಯಾರ್ಕಿನ ಯೂನಿಯನ್ ಚೌಕದಲ್ಲಿ, ಕಾಯ್ ಸೆನಾಟ್ ಎಂಬ ಸ್ಟ್ರೀಮರ್ ಆಟದ ಯಂತ್ರಗಳನ್ನು ಉಚಿತವಾಗಿ ಹಂಚುವನೆಂಬ ಸುದ್ದಿಗೆ ಸಾವಿರಾರು ಹದಿಹರೆಯದವರು ನುಗ್ಗಿ, ಗಲಭೆಯಾಗಿ, ಪೊಲೀಸರು ಹಲವರನ್ನು ಬಂಧಿಸಬೇಕಾಯಿತು. ಚಾಟಿನ ಸಾಲುಗಳೆಲ್ಲ ಒಮ್ಮೆಗೇ ಮನುಷ್ಯರಾಗಿ ರಸ್ತೆಗಿಳಿದರೆ ಏನಾಗುವುದೆಂದು ಆ ಮಧ್ಯಾಹ್ನ ಎಲ್ಲರೂ ಕಂಡರು.

ನಮ್ಮ ದೇಶದಲ್ಲಿ

ಭಾರತದಲ್ಲಿ ಆಟದ ನೇರಪ್ರಸಾರವು ಮೊಬೈಲಿನ ಕೂಸು. 2016ರಿಂದ ಅಂತರಜಾಲ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಮೊಬೈಲ್ ಬಂದಿತು. ಯೂಟ್ಯೂಬಿನಲ್ಲಿ ಹಿಂದಿಯ ಪ್ರಸಾರಗಳು ಹಬ್ಬಿದವು. ಮುಂಬಯಿಯ ನಮನ್ ಮಾಥುರ್ ಅವರಂಥ ಆಟಗಾರರು ಮನೆಮಾತಾದರು. ಈ ಉದ್ಯೋಗದ ನೆಲ ಎಷ್ಟು ಸಡಿಲವೆಂಬುದೂ ಬೇಗನೆ ತಿಳಿಯಿತು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲನ್ನು ನಿಷೇಧಿಸಲಾಯಿತು. 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಅದರ ಭಾರತೀಯ ಆವೃತ್ತಿ ಬಂದಿತು. 2022ರ ಜುಲೈ 28ರಂದು ಅದೂ ಮೊಬೈಲ್ ಮಳಿಗೆಗಳಿಂದ ಮರೆಯಾಗಿ, 2023ರ ಮೇ ತಿಂಗಳಿನಲ್ಲಿ ಮರಳಿತು. ಆ ಹತ್ತು ತಿಂಗಳು ಒಂದೇ ಆಟವನ್ನು ನಂಬಿದ್ದ ಸ್ಟ್ರೀಮರುಗಳು ಬೇರೆ ಆಟಗಳನ್ನು ಅರಸಬೇಕಾಯಿತು. ನೋಡುಗರಲ್ಲಿ ಎಷ್ಟು ಮಂದಿ ಆಟಕ್ಕಾಗಿ ಬರುತ್ತಿದ್ದರು, ಎಷ್ಟು ಮಂದಿ ತನಗಾಗಿ ಬರುತ್ತಿದ್ದರು ಎಂಬುದು ಪ್ರತಿಯೊಬ್ಬ ಸ್ಟ್ರೀಮರನಿಗೂ ಆಗ ಲೆಕ್ಕ ಸಿಕ್ಕಿತು.

ಕಾನೂನು ಈ ಕ್ಷೇತ್ರಕ್ಕೆ ಮೆಲ್ಲನೆ ಕಾಲಿಡುತ್ತಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಹಣ ಪಡೆದು ವಸ್ತುವೊಂದನ್ನು ಹೊಗಳುವವರು ಆ ಸಂಗತಿಯನ್ನು ಸರಳ ಭಾಷೆಯಲ್ಲಿ ತಿಳಿಸಬೇಕು. ನೇರಪ್ರಸಾರದಲ್ಲಾದರೆ ಪ್ರಸಾರವಿರುವಷ್ಟು ಹೊತ್ತೂ ಅದು ಎದ್ದು ಕಾಣುವಂತೆ ಪರದೆಯ ಮೇಲಿರಬೇಕು. ಗೆಳೆಯನ ಸಲಹೆಯೋ ಜಾಹೀರಾತೋ ಎಂಬ ಸಂದೇಹಕ್ಕೆ ಇದು ಉತ್ತರ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯಿದೆಯು ಇ-ಕ್ರೀಡೆಗಳಿಗೆ ಮನ್ನಣೆ ನೀಡಿ, ಹಣವನ್ನು ಪಣಕ್ಕಿಡುವ ಆಟಗಳನ್ನು ನಿಷೇಧಿಸಿತು. ಅಂಥ ಆಟಗಳಿಗೆ ಪ್ರಚಾರ ನೀಡುವವರಿಗೂ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 50 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ಅದು ವಿಧಿಸುತ್ತದೆ. ಚೀನಾ 2022ರ ಮೇ ತಿಂಗಳಿನಲ್ಲಿ ಅಪ್ರಾಪ್ತ ವಯಸ್ಕರು ಪ್ರಸಾರಕರಿಗೆ ಕಾಣಿಕೆ ಕೊಡುವುದನ್ನೇ ತಡೆಯಿತು.

ನಮ್ಮಲ್ಲಿ ಯುಪಿಐ ಮೂಲಕವೂ ಕಾಣಿಕೆ ಕೊಡುವ ರೂಢಿಯಿದೆ. ಹತ್ತು ರೂಪಾಯಿ ಕೊಟ್ಟರೂ ಹೆಸರು ಪರದೆಯ ಮೇಲೆ ಮೂಡುತ್ತದೆ. ತಂದೆತಾಯಿಯ ಮೊಬೈಲ್ ಮಕ್ಕಳ ಕೈಯಲ್ಲಿರುವ ಮನೆಗಳಲ್ಲಿ ಈ ಹತ್ತು ರೂಪಾಯಿಗಳು ಹೇಗೆ ಬೆಳೆಯುತ್ತವೆಂಬುದು ತಿಂಗಳ ಕೊನೆಯ ಬ್ಯಾಂಕ್ ಲೆಕ್ಕದಲ್ಲಷ್ಟೇ ಕಾಣಿಸುವುದುಂಟು. ಆಗ ಗದರಿಸಿ ಮೊಬೈಲ್ ಕಸಿದುಕೊಳ್ಳುವ ಮೊದಲು, ಮಗುವು ಯಾರ ಬಾಯಿಂದ ತನ್ನ ಹೆಸರನ್ನು ಕೇಳಲು ಅಷ್ಟು ಹಂಬಲಿಸಿತು ಎಂದು ಕೇಳಿ ತಿಳಿಯುವುದು ಹೆಚ್ಚು ಫಲಕಾರಿ. ಪ್ರಸಾರವಿಲ್ಲದೆ ನಿದ್ದೆಯೇ ಬಾರದ, ಓದು-ಕೆಲಸಗಳು ಕೆಡುವ ಮಟ್ಟಕ್ಕೆ ಸಂಗತಿ ಮುಟ್ಟಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು. ಈ ಸೇವೆ ಒದಗುವ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಹಣದ ವಂಚನೆಯಾಗಿದ್ದರೆ 1930ಕ್ಕೆ ದೂರು ಕೊಡಬಹುದು.

ಕನ್ನಡದಲ್ಲಿ ಮಾತನಾಡುತ್ತ ಆಡುವ ಸ್ಟ್ರೀಮರುಗಳೂ ಯೂಟ್ಯೂಬಿನಲ್ಲಿ ಇದ್ದಾರೆ. ಅವರ ನೋಡುಗರ ಸಂಖ್ಯೆ ದೊಡ್ಡ ಹಿಂದಿ ವಾಹಿನಿಗಳ ಮುಂದೆ ಸಣ್ಣದು. ಮನೆಯ ಹೊರಗೆ ಮರಾಠಿ, ತಮಿಳು, ತೆಲುಗುಗಳಲ್ಲೇ ದಿನ ಕಳೆಯುವ ಹುಡುಗನಿಗೆ, ಸೋತಾಗ ಕನ್ನಡದಲ್ಲಿ ಗೊಣಗುವ, ಗೆದ್ದಾಗ ಕನ್ನಡದಲ್ಲಿ ಕೂಗುವ ಒಬ್ಬ ಸಮವಯಸ್ಕನ ದನಿ ಅಲ್ಲಿ ದೊರೆಯುತ್ತದೆ. ಐವತ್ತು, ಅರವತ್ತು ಜನರ ಇಂಥ ಸಣ್ಣ ಕೂಟಗಳ ಚಾಟಿನಲ್ಲಿ ನೋಡುಗರು ಕ್ರಮೇಣ ಸ್ಟ್ರೀಮರನನ್ನು ಬಿಟ್ಟು ತಮ್ಮತಮ್ಮೊಳಗೇ ಮಾತಿಗೆ ತೊಡಗುವುದುಂಟು. ನಿತ್ಯ ಬರುವವನು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಯಾರೋ ಒಬ್ಬರು ಅವನೆಲ್ಲಿ ಎಂದು ಕೇಳುತ್ತಾರೆ. ಪರೀಕ್ಷೆಯಿದೆಯಂತೆ ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ಪ್ರಸಾರ ಮುಗಿದು ಸ್ಟ್ರೀಮರ್ ವಿದಾಯ ಹೇಳಿದ ಮೇಲೆ ಅವರಲ್ಲಿ ನಾಲ್ವರು ತಮ್ಮದೇ ಒಂದು ತಂಡ ಕಟ್ಟಿಕೊಂಡು, ಯಾರೂ ನೋಡದ ಒಂದು ಆಟವನ್ನು ಆಡಲು ಹೋಗುತ್ತಾರೆ.